ಮುಯ್ಯಿಗೆ ಬಂದ ಲಿಂಕುಗಳು

ನಿವೃತ್ತಳಾಗಿ ಮನೆ ಸೇರಿದರೂ, ಇಷ್ಟು ವರ್ಷ ನಾನು ಏನು ಕೆಲಸ ಮಾಡಿದೆ ಎಂಬುದು ನಮ್ಮ ಬೀದಿಯವರಿಗೆ ಇನ್ನೂ ತಿಳಿದಿಲ್ಲ. ಪಕ್ಕದ ಮನೆಯಾಕೆ ಬಂದವರಿಗೆಲ್ಲ “ಬ್ಯಾಂಕಿನ್ಯಾಗ ಇದ್ರು” ಅನ್ನುತ್ತಾಳೆ. ಹಾಲಿನವನಿಗೆ ನಾನು ಟೀಚರಮ್ಮ. ನಮ್ಮವ್ವ ಕೊನೆಯವರೆಗೂ “ನಮ್ಮ ಸುಮಂಗಲಾ ಟೈಪ್ ಹೊಡಿತಾಳ್ರಿ” ಎಂದೇ ಹೇಳಿಕೊಂಡು ಹೋದಳು. ಜನ ಕಂಪ್ಯೂಟರಿನಲ್ಲೋ ಫೋನಿನಲ್ಲೋ ಏನಾದರೂ ಹುಡುಕಿದಾಗ ನಮ್ಮ ಊರಿನವರ ಹೆಸರು ಮುಂದೆ ಕಾಣುವ ಹಾಗೆ ಮಾಡುವುದು ನನ್ನ ಕೆಲಸ ಎಂದು ಒಮ್ಮೆ ಬಿಡಿಸಿ ಹೇಳಿದೆ. “ಅದಕ್ಕೂ ಪಗಾರ ಕೊಡ್ತಾರೇನ್ರಿ?” ಎಂದು ಕೇಳಿದಳು ಪಕ್ಕದ ಮನೆಯಾಕೆ. ಆಮೇಲೆ ನಾನು ಯಾರನ್ನೂ ತಿದ್ದಲು ಹೋಗಲಿಲ್ಲ.

ಮೊನ್ನೆ ನಮ್ಮ ಹಳೆಯ ಆಫೀಸಿಗೆ ಹೊಸದಾಗಿ ಸೇರಿದವರು ಮನೆಗೆ ಬಂದಿದ್ದರು. “ಮೇಡಂ, ನಿಮ್ಮ ಕಾಲದಾಗ ಎಸ್ಇಒ ಹೆಂಗಿತ್ತು ಅಂತ ಬರದು ಕೊಡ್ರಿ” ಎಂದರು. ಅವರು ಆಡುವ ಮೂರಕ್ಷರದ ಮಾತುಗಳಲ್ಲಿ ಅರ್ಧ ನನಗೇ ಗೊತ್ತಿಲ್ಲ. ಆ ಹೆಸರು ನಮ್ಮ ಕಿವಿಗೆ ಬೀಳುವ ಮೊದಲೇ ನಾವು ಆ ಕೆಲಸ ಶುರು ಮಾಡಿದ್ದೆವು. ಆಯಿತು, ಬರೆಯುತ್ತೇನೆ. ಆದರೆ ನನಗೆ ಯಾವಾಗ ಯಾವ ಕುರ್ಚಿ ಸಿಕ್ಕಿತು ಎಂಬ ಪುರಾಣ ಬೇಡ. ಈ ಕೆಲಸದ ಪಾಠಗಳನ್ನೆಲ್ಲ ನಾನು ಕಲಿತದ್ದು ಕಮಲಾಪುರದ ನೀಲಮ್ಮ ಎಂಬ ಒಬ್ಬಳೇ ಹೆಂಗಸಿನ ಪುಟದ ಮೇಲೆ. ಅವಳ ಮನೆಯ ಕಥೆ ಹೇಳಿದರೆ ಮಿಕ್ಕದ್ದು ತಾನಾಗಿ ಬರುತ್ತದೆ.

ನಮ್ಮ ಆಫೀಸು ಇದ್ದದ್ದು ಹೊಸಪೇಟೆಯ ಬಜಾರಿನಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ. ಮಾಲೀಕರು ಕೊಟ್ರೇಶ್ ಸರ್. ದೋಣಿಮಲೈ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು, ಗಣಿಯ ಸೈರನ್ನಿಗೆ ಎದ್ದು ಅದಕ್ಕೇ ಊಟ ಮಾಡಿದವರು, ಹಾಗಾಗಿ ನಾವು ಐದು ನಿಮಿಷ ತಡವಾಗಿ ಬಂದರೂ ಗಡಿಯಾರ ನೋಡುತ್ತಿರಲಿಲ್ಲ, ನಮ್ಮ ಮುಖ ನೋಡುತ್ತಿದ್ದರು. ಅದೇ ಸಾಕಾಗುತ್ತಿತ್ತು. ನಾನು ಅದಕ್ಕೂ ಮೊದಲು ಟೈಪಿಂಗ್ ಕಲಿಸುತ್ತಿದ್ದವಳು. ವೇಗವಾಗಿ ಟೈಪ್ ಮಾಡುತ್ತೇನೆಂಬ ಒಂದೇ ಕಾರಣಕ್ಕೆ ನನ್ನನ್ನು ಸೇರಿಸಿಕೊಂಡರು.

ಸರ್‌ಗೆ ಒಂದು ಹಟವಿತ್ತು. ಬರೆದ ಪುಟವನ್ನು ಅವರ ಮುಂದೆ ನಿಂತು ಗಟ್ಟಿಯಾಗಿ ಓದಬೇಕು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮನುಷ್ಯರು ಆಡದಂಥ ವಾಕ್ಯ ಬಂದರೆ ಕೈ ಎತ್ತುತ್ತಿದ್ದರು. “ಇದನ್ನ ನಿಮ್ಮವ್ವನ ಮುಂದ ಹಿಂಗ ಹೇಳ್ತೀಯೇನು? ಇಲ್ಲಂದ್ರ ತಗಿ.” ಆಗ ನನಗೆ ಸಿಟ್ಟು ಬರುತ್ತಿತ್ತು. ಓದುವುದು ಮಷೀನು, ಇವರದೇನು ನಡುವೆ ಎನಿಸುತ್ತಿತ್ತು.

ನೀಲಮ್ಮ ಮೊದಲ ಸಲ ನಮ್ಮ ಮೆಟ್ಟಿಲು ಹತ್ತಿ ಬಂದದ್ದು ತನ್ನ ಅಣ್ಣ ಶರಣಪ್ಪನವರ ಜೊತೆ. ಅವರದು ಕಂಪ್ಲಿಯಲ್ಲಿ ಅಕ್ಕಿ ಮಿಲ್ಲು. ದೊಡ್ಡ ಆಳು, ದೊಡ್ಡ ದನಿ. ನೀಲಮ್ಮನ ಗಂಡ ಹಂಪಿಯಲ್ಲಿ ಗೈಡ್ ಆಗಿದ್ದವರು, ತೀರಿಕೊಂಡು ವರ್ಷ ತುಂಬಿತ್ತು. ಬಂದ ಪ್ರವಾಸಿಗರು ಇಳಿದುಕೊಳ್ಳಲಿ ಎಂದು ಅವರು ಮನೆಯ ಮೇಲೆ ಎರಡು ಕೋಣೆ ಕಟ್ಟಿಸಿದ್ದರು. ಆ ಎರಡು ಕೋಣೆ ನಡೆಸಿ ಬದುಕುತ್ತೇನೆಂಬುದು ನೀಲಮ್ಮನ ಮಾತು. ಕಂಪ್ಲಿಗೆ ಬಂದು ನಮ್ಮ ಮನೆಯಲ್ಲೇ ಇರು ಎಂಬುದು ಅಣ್ಣನ ಮಾತು.

ಸರ್ ನೀಲಮ್ಮನನ್ನು ಏನೇ ಕೇಳಿದರೂ ಶರಣಪ್ಪನವರೇ ಉತ್ತರ ಕೊಡುತ್ತಿದ್ದರು. “ಬ್ಯಾಡ ಅಂತ ಹೇಳೀನ್ರಿ ನಾನು. ಮನಿ ಐತಿ, ಮಿಲ್ಲೈತಿ, ಅನ್ನಕ್ಕೇನು ಕಡಿಮಿ? ಬ್ಯಾರೇದವ್ರ ಎಂಜಲ ತಾಟು ಯಾಕ ತೊಳೀಬೇಕು ನಮ್ಮ ಹುಡುಗಿ?”

“ಅನ್ನದ ಮಾತಲ್ಲಣ್ಣ ಅದು,” ಎಂದಳು ನೀಲಮ್ಮ. ಅವತ್ತು ಅವಳು ಆಡಿದ್ದು ಅಷ್ಟೇ.

ಅಣ್ಣತಂಗಿಯರ ನಡುವೆ ಒಂದು ಕರಾರಿತ್ತು. ಮಳೆಗಾಲ ಮುಗಿದು ಪ್ರವಾಸಿಗರು ಬರಲು ಶುರುವಾದಾಗಿನಿಂದ ಯುಗಾದಿಯ ತನಕ ಕೋಣೆಗಳು ನಡೆದರೆ ಅವಳು ಕಮಲಾಪುರದಲ್ಲೇ ಇರಬಹುದು. ನಡೆಯದಿದ್ದರೆ ಬಾಗಿಲಿಗೆ ಬೀಗ ಹಾಕಿ ಕಂಪ್ಲಿಗೆ ಹೊರಡಬೇಕು. ಪ್ರತಿ ವರ್ಷವೂ ಇದೇ. ನೀಲಮ್ಮ ತಾನಾಗಿಯೇ ಕೊಟ್ಟ ಮಾತು ಅದು, ಮಾತು ತಪ್ಪುವ ಹೆಂಗಸಲ್ಲ ಅವಳು.

ಆಗ ಹುಡುಕುವುದು ಈಗಿನ ಹಾಗಿರಲಿಲ್ಲ. ದೊಡ್ಡ ಡೈರೆಕ್ಟರಿಗಳಿದ್ದವು. ದೇಶ, ರಾಜ್ಯ, ಊರು, ಅದರೊಳಗೆ ವಸತಿ, ಊಟ ಎಂದು ಖಾನೆ ಖಾನೆಯಾಗಿ ಪುಟಗಳನ್ನು ಜೋಡಿಸಿರುತ್ತಿದ್ದರು. ಎಲ್ಲೋ ಕುಳಿತ ಮನುಷ್ಯರು ನಮ್ಮ ಪುಟವನ್ನು ಕಣ್ಣಾರೆ ಓದಿ, ನೆಟ್ಟಗಿದೆ ಎನಿಸಿದರೆ ಸೇರಿಸಿಕೊಳ್ಳುತ್ತಿದ್ದರು. ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಆಮೇಲೆ ಬಂದವು ಜೇಡ ಎಂಬ ಅಡ್ಡಹೆಸರಿನ ಪ್ರೋಗ್ರಾಂಗಳು. ಒಂದು ಪುಟದಿಂದ ಇನ್ನೊಂದಕ್ಕೆ ತಾವೇ ಓಡಾಡಿ, ಕಂಡ ಮಾತುಗಳನ್ನೆಲ್ಲ ಒಯ್ದು ಕೂಡಿಡುತ್ತಿದ್ದವು. ಯಾರಾದರೂ ಒಂದು ಮಾತು ಹುಡುಕಿದರೆ, ಆ ಮಾತಿರುವ ಪುಟಗಳನ್ನು ತಂದು ಮುಂದೆ ಇಡುತ್ತಿದ್ದವು. ಯಾವುದು ಮೊದಲು, ಯಾವುದು ಆಮೇಲೆ ಎಂಬುದರ ಮೇಲೆಯೇ ನಮ್ಮ ಅನ್ನ ನಿಂತಿತ್ತು.

ನೀಲಮ್ಮನ ಪುಟದ ತಲೆಯ ಮೇಲೆ ನಾವು ‘ಸುಸ್ವಾಗತ’ ಎಂದು ಹಾಕಿದ್ದೆವು. ನಕ್ಕುಬಿಡಿ. ಆ ಕಾಲದಲ್ಲಿ ನಮ್ಮ ಕಡೆಯ ಪುಟಗಳಿಗೆಲ್ಲ ಅದೇ ಹೆಸರು. ಬಂದವರನ್ನು ಮೊದಲು ಬರ್ರಿ, ಕುಂದ್ರಿ ಅನ್ನಬೇಡವೇ ಎಂಬ ಮರ್ಯಾದೆ. ಆದರೆ ಸುಸ್ವಾಗತ ಎಂದು ಯಾರು ಹುಡುಕುತ್ತಾರೆ? ‘ಹಂಪಿ ಹತ್ತಿರ ಮನೆಯಲ್ಲಿ ವಸತಿ, ಕಮಲಾಪುರ’ ಎಂದು ತಲೆಬರಹ ಬದಲಿಸಿದ ಮೇಲೆ ಫೋನು ಬರಲು ಶುರುವಾಯಿತು. ಪುಟದ ಹೆಸರಿನಲ್ಲೇ ಅದು ಏನು, ಎಲ್ಲಿ ಎಂದು ಹೇಳಬೇಕೆಂಬುದನ್ನು ನಾನು ಕಲಿತದ್ದು ಅಲ್ಲಿ. ಆ ಯುಗಾದಿಗೆ ನೀಲಮ್ಮ ಶರಣಪ್ಪನವರಿಗೆ ಹೋಳಿಗೆ ಕಟ್ಟಿ ಕಳಿಸಿದಳು, ತಾನು ಹೋಗಲಿಲ್ಲ.

ಮಷೀನು ಮಾತುಗಳನ್ನು ಎಣಿಸುತ್ತದೆ ಎಂಬ ಸುದ್ದಿ ಹಬ್ಬಿದ್ದೇ ತಡ, ಜನರಿಗೆ ಹುಚ್ಚು ಹತ್ತಿತು. ಸಂಡೂರಿನಲ್ಲಿ ತಿಪ್ಪೇಸ್ವಾಮಿ ಎಂಬ ಲಾರಿ ಮಾಲೀಕರಿದ್ದರು. ಅದಿರು ಸಾಗಿಸುವ ಲಾರಿಗಳು. ಅವರು ಸರ್ ಮುಂದೆ ಕುಳಿತು, “ಜನ ಎಲ್ಲಾರೂ ಹಂಪಿ ಅಂತಾನ ಹುಡುಕ್ತಾರಂತ. ನನ್ನ ಪೇಜಿನ್ಯಾಗೂ ಹಂಪಿ ಹಂಪಿ ಅಂತ ತುಂಬ್ಸಿ ಬಿಡ್ರಿ” ಎಂದರು. ಸರ್ ಒಲ್ಲೆ ಎಂದದ್ದಕ್ಕೆ ಬಳ್ಳಾರಿಗೆ ಹೋಗಿ ಬೇರೆ ಯಾರಿಂದಲೋ ಮಾಡಿಸಿಕೊಂಡು ಬಂದರು. ಬಿಳಿ ಪುಟದ ಮೇಲೆ ಬಿಳಿ ಅಕ್ಷರ. ನೋಡುವವರಿಗೆ ಕಾಣುವುದಿಲ್ಲ, ಜೇಡಕ್ಕೆ ಕಾಣುತ್ತದೆ. ಸ್ವಲ್ಪ ದಿನ ಅವರ ಪುಟ ಮೇಲೆಯೂ ಬಂತು. ಆಮೇಲೆ ಒಂದು ಬೆಳಿಗ್ಗೆ ಮೈಯೆಲ್ಲ ಕೆಂಪು ಧೂಳು ಹೊತ್ತು ನಮ್ಮ ಆಫೀಸಿಗೆ ಬಂದರು. “ತಗೀರಿ ಮಾರಾಯ್ರ ಅದನ್ನ. ಮುಂಜಾನಿಂದ ಮುದುಕರು ಫೋನ್ ಮಾಡಿ, ಗುಡಿ ಬಾಗ್ಲ ಎಷ್ಟೊತ್ತಿಗೆ ತಗೀತಾರ, ಪ್ರಸಾದ ಐತೇನು ಅಂತ ಕೇಳಾಕತ್ತಾರ. ಒಬ್ಬಾಕಿ ನನಗ ಶ್ಲೋಕ ಹೇಳಿದ್ಳು. ಲಾರಿ ಕೇಳೋರು ಒಬ್ರೂ ಇಲ್ಲ.”

ಅವರನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ. ಆದರೆ ಹೊಸಬರು ಅದನ್ನು ನೆನಪಿಟ್ಟುಕೊಳ್ಳಬೇಕು. ಹುಡುಕುವವನಿಗೆ ಏನು ಬೇಕು ಎಂದು ತಿಳಿಯದೆ ಅವನನ್ನು ಎಳೆದು ತಂದರೆ ಅವನಿಗೂ ತ್ರಾಸು, ನಮಗೂ ತ್ರಾಸು. ಕೆಲವೇ ದಿನಗಳಲ್ಲಿ ಮಷೀನಿಗೂ ಈ ಬಿಳಿ ಅಕ್ಷರದ ಆಟ ತಿಳಿಯಿತು. ಅಂಥ ಪುಟಗಳನ್ನು ಹಿಂದಕ್ಕೆ ದೂಡಿತು.

ಮಾತು ಎಣಿಸಿದರೆ ಮೋಸ ಹೋಗುತ್ತೇವೆಂದು ಗೊತ್ತಾದ ಮೇಲೆ ಮಷೀನು ಕಟ್ಟಿದವರು ಬೇರೆ ದಾರಿ ಹಿಡಿದರು. ವಿದ್ವಾಂಸರ ಲೇಖನಗಳಲ್ಲಿ ಒಬ್ಬರು ಇನ್ನೊಬ್ಬರ ಹೆಸರು ಹೇಳುತ್ತಾರಲ್ಲ, ಹೆಚ್ಚು ಜನ ಯಾರ ಹೆಸರು ಹೇಳುತ್ತಾರೋ ಅವರ ಮಾತಿಗೆ ತೂಕ ಹೆಚ್ಚು. ಪುಟಗಳಿಗೂ ಹಾಗೆಯೇ. ಬೇರೆ ಪುಟದವರು ನಿನ್ನ ಪುಟಕ್ಕೆ ದಾರಿ ತೋರಿಸಿದರೆ, ಅಂದರೆ ಲಿಂಕ್ ಕೊಟ್ಟರೆ, ಅದು ನಿನ್ನ ಪರ ಒಂದು ಸಾಕ್ಷಿ. ಅದರಲ್ಲೂ ಸಾಕ್ಷಿ ಹೇಳುವವರು ನಂಬಿಕಸ್ಥರಾದರೆ ತೂಕ ಇನ್ನಷ್ಟು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಊಟ ಎಲ್ಲಿ ಚೆನ್ನಾಗಿದೆ ಎಂದು ನಾಲ್ಕು ಜನರನ್ನು ಕೇಳುತ್ತೇವೆ. ನಾಲ್ವರೂ ಒಂದೇ ಖಾನಾವಳಿ ತೋರಿಸಿದರೆ ಅಲ್ಲಿಗೆ ಹೋಗುತ್ತೇವೆ. ಅಷ್ಟೇ ಅದರ ಮರ್ಮ.

ಈ ಮರ್ಮ ಶರಣಪ್ಪನವರಿಗೆ ತಿಳಿದದ್ದು ಅವರ ಮಿಲ್ಲಿನ ಗುಮಾಸ್ತನಿಂದ. ಮಿಲ್ಲಿಗೂ ಒಂದು ಪುಟವಿತ್ತು. ಅದೇ ವರ್ಷ ಅವರ ಮಗಳ ಮದುವೆ. ನಮ್ಮ ಕಡೆ ಮದುವೆಗೆ ಬಂದವರು ಮುಯ್ಯಿ, ಅಂದರೆ ಉಡುಗೊರೆ, ಮಾಡದೆ ಊಟಕ್ಕೆ ಕೂರುವುದಿಲ್ಲ, ಮುಯ್ಯಿ ತೆಗೆದುಕೊಂಡವರು ಅವರ ಮನೆಯ ಕಾರ್ಯದಲ್ಲಿ ಅದನ್ನು ತಿರುಗಿ ಮಾಡದೆ ಬಿಡುವುದಿಲ್ಲ. ಶರಣಪ್ಪನವರು ಮಂಟಪದಲ್ಲಿ ಎಲ್ಲರ ಎದುರು ನಿಂತು ಕೈ ಮುಗಿದರು. “ಯಾರೂ ನನಗ ಮುಯ್ಯಿ ಮಾಡಬ್ಯಾಡ್ರಿ. ಪೇಜ್ ಇದ್ದವ್ರೆಲ್ಲ ನಮ್ಮ ನೀಲಾನ ಮನಿ ಲಿಂಕ್ ಹಾಕ್ರಿ. ಅದ ನನಗ ಮುಯ್ಯಿ.”

ನಾನೂ ಆ ಮದುವೆಗೆ ಹೋಗಿದ್ದೆ. ನೀಲಮ್ಮ ನನ್ನ ಪಕ್ಕದಲ್ಲೇ ಕುಳಿತಿದ್ದಳು. ನಾಚಿಕೆಯಿಂದ ತಲೆ ಎತ್ತಲಿಲ್ಲ. ಆದರೆ ಅವಳ ಕಣ್ಣುಗಳು ತುಂಬಿದ್ದವು. ತಂಗಿ ಕಮಲಾಪುರದಲ್ಲಿರುವುದು ಬೇಡ ಎನ್ನುತ್ತಿದ್ದ ಮನುಷ್ಯ, ಅವಳ ಕೋಣೆ ತುಂಬಲಿ ಎಂದು ನೂರಾರು ಜನರ ಮುಂದೆ ಕೈ ಮುಗಿದಿದ್ದ. ಅಂಥ ಅಣ್ಣ ಎಲ್ಲರಿಗೂ ಸಿಗುವುದಿಲ್ಲ.

ಬೀಗರು ಕೂಡಲೇ ಕೆಲಸಕ್ಕೆ ಇಳಿದರು. ಮೆಟ್ರಿಯ ಗೊಬ್ಬರದ ಅಂಗಡಿ, ಬುಕ್ಕಸಾಗರದ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ, ಪೈಪು ಮಾರುವವರು, ಸಿಮೆಂಟು ಮಾರುವವರು, ಎಲ್ಲರ ಪುಟದಲ್ಲೂ ನೀಲಮ್ಮನ ಮನೆ. ಮಿಲ್ಲಿನ ಗುಮಾಸ್ತ ಒಂದು ವಾಕ್ಯ ಬರೆದು ಎಲ್ಲರಿಗೂ ಕಳಿಸಿದ್ದ: ‘ಹಂಪಿಯ ಅತ್ಯುತ್ತಮ ವಸತಿಗೃಹ.’ ಅವರೆಲ್ಲ ಅದನ್ನೇ ಅಂಟಿಸಿದರು. ಶರಣಪ್ಪನವರ ಪುಟದಲ್ಲಂತೂ ಅದೇ ಮಾತು ಕೆಂಪು ಅಕ್ಷರದಲ್ಲಿ ಎಡದಿಂದ ಬಲಕ್ಕೆ ಓಡುತ್ತಿತ್ತು. ಮುಯ್ಯಿ ಅಂದ ಮೇಲೆ ತಿರುಗಿ ಮಾಡಬೇಕಲ್ಲ, ನೀಲಮ್ಮ ಬೀಗರ ವಿಸಿಟಿಂಗ್ ಕಾರ್ಡುಗಳ ಕಟ್ಟನ್ನೇ ತಂದು ನಮ್ಮ ಮೇಜಿನ ಮೇಲಿಟ್ಟಳು. ಅವಳ ಪುಟದ ಕೆಳಗೆ ಗೊಬ್ಬರ, ಪೈಪು, ಸಿಮೆಂಟು ಎಲ್ಲ ಬಂದು ಕುಳಿತವು. ಸರ್ ನೋಡಿ ನಕ್ಕರು. ಆಗ ಇಂಥ ಕೊಡುಕೊಳ್ಳುವಿಕೆಯನ್ನು ಊರೂರಲ್ಲೂ ಮಾಡುತ್ತಿದ್ದರು, ತಪ್ಪೆಂದು ಯಾರಿಗೂ ಅನಿಸಿರಲಿಲ್ಲ.

ಅವಳ ಪುಟ ಮೇಲೇರಿತು. ಎರಡು ಸೀಸನ್ ಕೋಣೆ ಖಾಲಿಯೇ ಇರಲಿಲ್ಲ. ಶರಣಪ್ಪನವರು ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಆಮೇಲೆ ಒಂದು ದೀಪಾವಳಿಯ ಹೊತ್ತಿಗೆ ನೀಲಮ್ಮನಿಂದ ನನಗೆ ಫೋನು ಬಂತು. “ಸುಮಾ, ನನ್ನ ಫೋನ್ ಕೆಟ್ಟೈತೇನ ನೋಡು. ನೀ ಒಂದ್ಸಲ ಹಚ್ಚು.” ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದಳು. “ಬರ್ತೈತಲ್ಲ ಮತ್ತ,” ಎಂದಳು, ದನಿ ಸಣ್ಣಗಾಗಿತ್ತು. ನಾನು ಕಂಪ್ಯೂಟರಿನಲ್ಲಿ ಅವಳ ಮನೆ ಹುಡುಕಿದೆ. ಮೊದಲ ಪುಟದಲ್ಲಿಲ್ಲ, ಎರಡನೆಯದರಲ್ಲಿಲ್ಲ, ಹೋಗುತ್ತಾ ಹೋಗುತ್ತಾ ನನ್ನ ಬೆರಳು ಸೋತಿತು. ಎಲ್ಲೂ ಇರಲಿಲ್ಲ.

ಮಷೀನು ಲೆಕ್ಕ ಹಾಕುವ ರೀತಿ ಬದಲಿಸಿತ್ತು. ಕೊಟ್ಟು ತೆಗೆದುಕೊಂಡ ಲಿಂಕುಗಳನ್ನು ಅದು ಈಗ ಕೊಂಡುತಂದ ಸಾಕ್ಷಿ ಎಂದು ತಿಳಿಯುತ್ತಿತ್ತು. ಗೊಬ್ಬರದ ಅಂಗಡಿಗೂ ಹಂಪಿಯ ಕೋಣೆಗೂ ಏನು ಸಂಬಂಧ? ಎಲ್ಲರೂ ಒಂದೇ ವಾಕ್ಯ ಹೇಳುವುದೇಕೆ? ಈಕೆಯೂ ತಿರುಗಿ ಅವರನ್ನೇ ತೋರಿಸುವುದೇಕೆ? ಬೀಗತನ ಎಂಬುದೊಂದು ಇದೆ ಎಂದು ಆ ಮಷೀನಿಗೆ ಯಾರು ಹೇಳಬೇಕು? ನನಗೆ ಅದರ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಪ್ರೀತಿಯಿಂದ ಮಾಡಿದ್ದನ್ನು ಮೋಸ ಎಂದು ಬರೆದುಕೊಂಡಿತಲ್ಲ ಎಂದು ಸರ್ ಮುಂದೆ ಹಾರಾಡಿದೆ. ಅವರು ಶಾಂತವಾಗಿ, “ಹುಡುಕೋನಿಗೆ ಅಕಿ ಯಾರ ತಂಗಿ ಅಂತ ಬೇಕಾಗಿಲ್ಲಮ್ಮ. ಮನಿ ಹೆಂಗೈತಿ ಅಂತ ಬೇಕು. ಲಿಂಕ್ ತಗಸು” ಎಂದರು.

ಲಿಂಕ್ ತೆಗೆಸುವುದು ಒಂದು ಗುಂಡಿ ಒತ್ತಿದಷ್ಟು ಸುಲಭ ಎಂದುಕೊಂಡಿದ್ದೆ. ಮುಯ್ಯಿ ವಾಪಸು ಕೊಡುವುದೆಂದರೆ ನಮ್ಮಲ್ಲಿ ಸಂಬಂಧ ಮುರಿದಂತೆ. ನೀಲಮ್ಮ ಒಬ್ಬೊಬ್ಬರಿಗೂ ಫೋನು ಮಾಡಿದಳು. “ನಮ್ಮಿಂದ ಏನ್ ತಪ್ಪಾತವ್ವ?” ಎಂದು ಕೇಳಿದರು ಮೆಟ್ರಿಯ ಗೊಬ್ಬರದ ಅಂಗಡಿಯ ಮುದುಕಪ್ಪ. ಅವರಿಗೆ ಮಷೀನಿನ ಸ್ವಭಾವ ವಿವರಿಸುವುದರೊಳಗೆ ಅವಳು ಅತ್ತುಬಿಟ್ಟಳು. ಅವಳು ಅಳುವುದನ್ನು ಕೇಳಲಾರದೆ ಅವರು ತೆಗೆಸಿದರು. ಹಾಗೆ ಒಂದೊಂದಾಗಿ ಎಲ್ಲ ಹೋದವು. ಉಳಿದದ್ದು ಶರಣಪ್ಪನವರ ಕೆಂಪಕ್ಷರ. ಅವರು ಫೋನಿನಲ್ಲಿ ಒಂದೇ ಮಾತು ಹೇಳಿ ಇಟ್ಟರು: “ನನ್ನ ತಂಗಿ ಹೆಸರು ನಾ ತಗ್ಯಾಂಗಿಲ್ಲ.”

ನಾನು, ನೀಲಮ್ಮ ಬಸ್ಸು ಹತ್ತಿ ಕಂಪ್ಲಿಗೆ ಹೋದೆವು. ಮಿಲ್ಲಿನ ಅಂಗಳದಲ್ಲಿ ಕುದಿಸಿದ ಭತ್ತ ಹರವಿದ್ದರು. ಶರಣಪ್ಪನವರು ನಮ್ಮನ್ನು ಒಳಗೆ ಕರೆದು ಕೂರಿಸಿ, ತಾವು ನಿಂತೇ ಇದ್ದರು.

“ಅಣ್ಣ, ನನಗಾಗಿ ತಗಿ,” ಎಂದಳು ನೀಲಮ್ಮ.

“ನಿನಗಾಗಿ ಹಾಕೀನಿ. ನಿನಗಾಗಿ ತಗೀಬೇಕಾ? ಎಂಥ ಮಷೀನದು, ಅಣ್ಣ ತಂಗೀಗಾಗಿ ಒಂದು ಮಾತು ಆಡಬಾರದಂತ?”

“ನೀ ಅಲ್ಲಿ ಅತ್ಯುತ್ತಮ ಅಂತ ಬರಸೀದಿ. ನನ್ನ ಮನ್ಯಾಗ ಒಂದು ದಿನ ಇದ್ದು ನೋಡೀಯೇನು?”

“ಇದ್ದು ನೋಡೂದೇನೈತಿ? ನನ್ನ ತಂಗಿ ಮನಿ ಅದು.”

“ಅದಕ್ಕ ನಂಬವಲ್ದಣ್ಣ ಆ ಮಷೀನು,” ಎಂದಳು.

ಅವಳು ಹೇಳಿದ್ದು ನಿಜವಾಗಿತ್ತು. ನಾಗರ ಪಂಚಮಿ ಹಬ್ಬಕ್ಕೆ ತವರಿಗೆ ಕರೆಯಲು ಬಂದರೂ, ಅಕ್ಕಿ ಚೀಲ ಇಳಿಸಲು ಬಂದರೂ, ಅವರು ಅಂಗಳದಲ್ಲಿ ನಿಂತು ಚಹಾ ಕುಡಿದು ಹೊರಡುವವರು. ಗಂಡನಿಲ್ಲದ ತಂಗಿಯ ಮನೆಯನ್ನು ಹೆಚ್ಚು ಹೊತ್ತು ನೋಡುವ ಶಕ್ತಿ ಅವರಿಗಿರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಅವತ್ತು ಗುಮಾಸ್ತನತ್ತ ತಿರುಗಿ, “ತಗದ ಬಿಡು” ಎಂದು ಭತ್ತ ನೋಡಲು ಹೊರಗೆ ಹೋದರು. ನಮ್ಮನ್ನು ಬಸ್ಸಿನ ತನಕ ಕಳಿಸಲು ಬರಲಿಲ್ಲ. ದಾರಿಯುದ್ದಕ್ಕೂ ನೀಲಮ್ಮ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು.

ಲಿಂಕು ತೆಗೆದ ಮಾತ್ರಕ್ಕೆ ಪುಟ ಮರಳಿ ಬರುವುದಿಲ್ಲ. ತಪ್ಪು ಸರಿಪಡಿಸಿದ್ದೇವೆ, ದಯವಿಟ್ಟು ಮತ್ತೆ ನೋಡಿ ಎಂದು ವಿನಂತಿ ಕಳಿಸಿ ಕಾಯಬೇಕು. ಕಾಯುತ್ತಾ ನಾನು ಅವಳ ಪುಟವನ್ನು ಮೊದಲಿನಿಂದ ಬರೆದೆ. ಅದಕ್ಕೆ ಮೊದಲು ಹಂಪಿಯ ಬಸ್ಸು ನಿಲ್ಲುವಲ್ಲಿ ಹೋಗಿ ಕುಳಿತು, ಇಳಿದವರು ಏನು ಕೇಳುತ್ತಾರೆಂದು ಕೇಳಿಸಿಕೊಂಡೆ. ಅತ್ಯುತ್ತಮ ವಸತಿಗೃಹ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಸಂಜೆ ಕೊನೆಯ ಬಸ್ಸು ಎಷ್ಟೊತ್ತಿಗೆ? ನಮ್ಮ ತಾಯಿಗೆ ಮೊಣಕಾಲು ನೋವು, ಮೆಟ್ಟಿಲು ಜಾಸ್ತಿ ಇವೆಯೇ? ಬಿಸಿನೀರು ಸಿಗುತ್ತದೆಯೇ? ಖಾರ ಕಡಿಮೆ ಹಾಕಿ ಅಡಿಗೆ ಮಾಡುತ್ತಾರೆಯೇ? ಇವೇ ಪ್ರಶ್ನೆಗಳನ್ನು ಪುಟದಲ್ಲಿಟ್ಟು, ನೀಲಮ್ಮ ಹೇಗೆ ಉತ್ತರ ಹೇಳುತ್ತಾಳೋ ಹಾಗೆಯೇ ಬರೆದೆ. ಭಾರವಾದ ಚಿತ್ರಗಳನ್ನು ತೆಗೆದು, ಫೋನಿನಲ್ಲಿ ಬೇಗ ತೆರೆಯುವ ಹಾಗೆ ಮಾಡಿದೆ. ಗೊಬ್ಬರ, ಪೈಪು, ಸಿಮೆಂಟು ಇಳಿಸಿದೆ. ನೀವು ಇವತ್ತು ಏನೇನೋ ದೊಡ್ಡ ಹೆಸರಿಟ್ಟು ಮಾಡುವ ಕೆಲಸವೆಲ್ಲ ಇಷ್ಟೇ. ಮೊದಲು ಕೇಳುವವರ ಪಕ್ಕ ಹೋಗಿ ಕುಳಿತುಕೊಳ್ಳಿ.

ಆದರೂ ಯುಗಾದಿ ಬಂತು, ಪುಟ ಬರಲಿಲ್ಲ. ಆ ಸೀಸನ್ನಿನಲ್ಲಿ ಕೋಣೆಗಳು ಹೆಚ್ಚೂ ಕಡಿಮೆ ಖಾಲಿಯೇ ಇದ್ದವು. ಹಬ್ಬ ಮುಗಿದ ಮೇಲೆ ಶರಣಪ್ಪನವರು ಮಿಲ್ಲಿನ ಮಿನಿ ಲಾರಿ ತೆಗೆದುಕೊಂಡು ಕಮಲಾಪುರಕ್ಕೆ ಬಂದರು. ಕೊಟ್ಟ ಮಾತಿನಂತೆ ನೀಲಮ್ಮ ಪಾತ್ರೆ ಪಡಗ ಕಟ್ಟತೊಡಗಿದ್ದಳು. ನನ್ನನ್ನು ಕರೆಸಿದ್ದಳು. ತಾನು ಹೋದ ಮೇಲೆ ಪುಟವನ್ನು ಮುಚ್ಚಬೇಕೆಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. “ಅದನ್ನ ಏನ್ ಮಾಡ್ತಿ ಮಾಡು” ಎಂದಳು ಅಷ್ಟೇ. ನಾನು ಹೂಂ ಎಂದೆ.

ಮೇಲಿನ ಒಂದು ಕೋಣೆಯಲ್ಲಿ ಧಾರವಾಡದ ಮುದುಕ ದಂಪತಿ ಇದ್ದರು. ಯಾರೋ ನೆರೆಯವರು ಹೇಳಿ ಕಳಿಸಿದ್ದರಂತೆ. ಅವರು ಮರುದಿನ ರಾತ್ರಿಯ ಬಸ್ಸಿಗೆ ಹೊರಡುವವರು. ಅವರನ್ನು ಇವತ್ತೇ ಎಬ್ಬಿಸುವುದು ಹೇಗೆ, ಲಾರಿ ಮೊದಲು ಹೋಗಲಿ, ತಾನು ನಾಳೆ ಬರುತ್ತೇನೆ ಎಂದು ನೀಲಮ್ಮ ಹೇಳಿ ನೋಡಿದಳು. ಶರಣಪ್ಪನವರು ಒಪ್ಪಲಿಲ್ಲ. “ಅವ್ರ ಊಟ ಮುಗೀಲಿ, ಹೊರಡೂಣು. ಬೀಗದ ಕೈ ಅವ್ರಿಗೆ ಕೊಡು, ಹೋಗೋ ಮುಂದ ಬಾಜೂ ಮನ್ಯಾಗ ಕೊಡ್ತಾರ,” ಎಂದು ಲಾರಿಗೆ ಮಂಚ ಹೇರಿಸಿದರು, ಕಪಾಟು ಹೇರಿಸಿದರು. ಇನ್ನು ಅಡಿಗೆ ಮನೆಯ ಸಾಮಾನು ಬಾಕಿ. ಹೊರಗೆ ಇನ್ನೂ ಬಿಸಿಲಿತ್ತು. ಒಳಗಿಂದ ಊದಿನಕಡ್ಡಿಯ ವಾಸನೆ ಬಂತು. ಹೋಗಿ ನೋಡಿದರೆ ನೀಲಮ್ಮ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ದೇವರ ಜಗಲಿಯ ಮೇಲೆ ದೀಪ ಹಚ್ಚಿ ಕೂತಿದ್ದಳು.

ಶರಣಪ್ಪನವರು ಬಾಗಿಲಲ್ಲೇ ನಿಂತರು. ಸೂರ್ಯನನ್ನು ನೋಡಿದರು, ದೀಪವನ್ನು ನೋಡಿದರು. “ಇಷ್ಟ ಜಲ್ದಿ ದೀಪ ಹಚ್ಚಿದೇನವ್ವ?”

“ಹಚ್ಚೀನಲ್ಲಣ್ಣ. ದೀಪ ಹಚ್ಚಿದ ಮ್ಯಾಲ ಮನಿ ಸಾಮಾನು ಹೊರಗ ಹೋಗಬಾರ್ದು.”

ಹೆಂಗಸರು ಹಚ್ಚಿದ ದೀಪವನ್ನು ಆರಿಸು ಎನ್ನುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ನಾನು ನಗು ತಡೆದುಕೊಂಡು ಹಿತ್ತಲಿಗೆ ಹೋದೆ. ಆ ರಾತ್ರಿ ಶರಣಪ್ಪನವರು ಅಲ್ಲೇ ತಂಗಿದರು, ನಾನೂ ಉಳಿದೆ. ಅವರ ಹಾಸಿಗೆಯನ್ನು ನೀಲಮ್ಮ ಮೇಲಿನ ಖಾಲಿ ಕೋಣೆಯಲ್ಲಿ ಹಾಸಿದಳು. ಬಂದವರಿಗೆ ಇಡುವ ಹಾಗೆಯೇ ತಂಬಿಗೆ ನೀರು, ಮಡಿಚಿದ ಟವೆಲ್ಲು ಇಟ್ಟಳು.

ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಧಾರವಾಡದ ಅಜ್ಜಿ ಅಡಿಗೆ ಮನೆಯ ಹೊಸ್ತಿಲಲ್ಲಿ ಕುಳಿತಿದ್ದರು. ನೀಲಮ್ಮ ರೊಟ್ಟಿ ತಟ್ಟುತ್ತಿದ್ದಳು. ಅಜ್ಜ ಮಾತಂಗ ಬೆಟ್ಟ ಹತ್ತುತ್ತೇನೆ ಎಂದು ಹಟ ಹಿಡಿದಿದ್ದರು. “ಹತ್ತ್ರಿ, ಯಾರ್ ಬ್ಯಾಡ ಅಂದಾರ,” ಎನ್ನುತ್ತಿದ್ದಳು ನೀಲಮ್ಮ. “ಹತ್ತಿದ ಮ್ಯಾಲ ನಿಮ್ಮನ್ನ ಹೊತ್ಕೊಂಡು ಇಳ್ಯಾಕ ನನ್ನ ಕೈಲೇ ಆಗಂಗಿಲ್ಲ. ಕುಂದ್ರಿ, ಇನ್ನೊಂದು ರೊಟ್ಟಿ ತಿನ್ರಿ. ಬಿಸಿಲು ಇಳದ ಮ್ಯಾಲ ಹೊಳಿ ದಂಡಿಗೆ ಹೋಗಿ ಬರ್ರಿ, ಸಾಕು.” ಅಜ್ಜ ಕುಳಿತರು. ಅಜ್ಜಿ ನಗತೊಡಗಿದರು, ನೀಲಮ್ಮನೂ ನಕ್ಕಳು, ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಳ್ಳುವಷ್ಟು.

ಶರಣಪ್ಪನವರು ಮೆಟ್ಟಿಲ ಅರ್ಧದಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ನನ್ನನ್ನು ಕಂಡು ಸನ್ನೆ ಮಾಡಿ ಕರೆದರು.

“ಕೇಳಿದ್ರೇನ್ರಿ?” ಎಂದರು ಮೆಲ್ಲಗೆ. “ಹೆಂಗ ಗದರಸ್ತಾಳ ಅವರನ್ನ. ಇಲ್ಲಿ ಅಕಿ ಯಜಮಾನಿ. ನಮ್ಮನಿಗೆ ಬಂದ್ರ ಅತ್ತಿ ಆಗಿ ಮೂಲ್ಯಾಗ ಕುಂದರ್ತಾಳ. ನನ್ನ ಸೊಸಿ ಹಾಕಿದ್ದು ಉಣ್ತಾಳ. ನಾ ಅಕಿನ್ನ ಸುಖವಾಗಿ ಇಡಬೇಕಂತ ಎಳಕೊಂಡು ಹೋಗಾಕತ್ತಿದ್ನಲ್ರಿ.” ಅವರ ದೊಡ್ಡ ದನಿ ಎಲ್ಲಿ ಹೋಗಿತ್ತೋ. ಕೆಳಗಿಳಿದು ಲಾರಿಯವನಿಗೆ, “ಮಂಚ ಇಳಸು” ಎಂದರು. ನೀಲಮ್ಮ ರೊಟ್ಟಿಯನ್ನು ಹಂಚಿನ ಮೇಲೆ ಬಿಟ್ಟು ಹೊರಗೆ ಓಡಿಬಂದಳು. ಅಣ್ಣ ಅವಳ ಮುಖ ನೋಡಲಿಲ್ಲ. “ರೊಟ್ಟಿ ಸೀಯಾಕತ್ತೈತಿ, ಹೋಗು” ಎಂದರು. ಯುಗಾದಿಯ ಕರಾರು ಅವತ್ತಿಗೆ ಮುಗಿಯಿತು. ಮತ್ತೆ ಯಾವ ವರ್ಷವೂ ಅವರು ಅದರ ಮಾತೆತ್ತಲಿಲ್ಲ.

ಪುಟ ಕೂಡಲೇ ಬರಲಿಲ್ಲ. ಮಳೆಗಾಲ ಕಳೆಯಿತು. ದಸರೆಯ ಹೊತ್ತಿಗೆ ಒಂದು ದಿನ ಹುಡುಕಿದಾಗ ಮೂರನೆಯ ಪುಟದಲ್ಲಿ ಕಂಡಿತು, ಆಮೇಲೆ ಎರಡನೆಯದರಲ್ಲಿ. ಧಾರವಾಡದ ಅಜ್ಜಿ ತಮ್ಮ ಮೊಮ್ಮಗಳ ಕೈಯಲ್ಲಿ ರೊಟ್ಟಿಯ ಬಗ್ಗೆ, ಗದರಿಕೆಯ ಬಗ್ಗೆ ಇಂಟರ್ನೆಟ್ಟಿನಲ್ಲಿ ಬರೆಸಿ ಹಾಕಿದ್ದರು. ಇಳಿದುಕೊಂಡು ಹೋದ ಬೇರೆಯವರೂ ಬರೆದರು. ಮೊಣಕಾಲು ನೋವಿನ ತಾಯಂದಿರನ್ನು ಕರೆದುಕೊಂಡು ಜನ ಬರತೊಡಗಿದರು. ಯಾವುದರಿಂದ ಮೇಲೆ ಬಂತು ಎಂದು ಕೇಳಿದರೆ ನಾನು ಹೇಳಲಾರೆ. ಮೊದಲ ಪುಟಕ್ಕೆ ತಂದೇ ತರುತ್ತೇನೆಂದು ಗ್ಯಾರಂಟಿ ಕೊಡುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದು ಯಾರ ಕೈಯಲ್ಲೂ ಇಲ್ಲ. ಈಗ ಹುಡುಕಿದರೆ ಮಷೀನು ಪುಟಗಳನ್ನು ತೋರಿಸುವ ಬದಲು ತಾನೇ ಉತ್ತರ ಹೇಳತೊಡಗಿದೆ, ನಮ್ಮ ಕೆಲಸ ಮುಗಿಯಿತೇ ಎಂದು ನೀವು ಮೊನ್ನೆ ಕೇಳಿದಿರಿ. ಅದು ಹೇಳುವ ಉತ್ತರವೂ ಅಲ್ಲಿ ಇದ್ದು ಹೋದ ಯಾರೋ ಬರೆದದ್ದೇ ಆಗಿರಬೇಕಲ್ಲ. ಹೆದರಬೇಡಿ.

ಆ ಚಳಿಗಾಲದಲ್ಲಿ, ನೀಲಮ್ಮನ ಮನೆ ಮತ್ತೆ ಮೊದಲ ಪುಟ ಸೇರಿದ ಮೇಲೆ, ಶರಣಪ್ಪನವರು ಒಬ್ಬರೇ ನಮ್ಮ ಆಫೀಸಿಗೆ ಬಂದರು. ಎದುರಿನ ಕುರ್ಚಿಯಲ್ಲಿ ಕುಳಿತು ಬಹಳ ಹೊತ್ತು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. “ಮಿಲ್ಲಿನ ಪೇಜಿನ್ಯಾಗ ಒಂದು ಸಾಲು ಹಾಕಬೇಕಿತ್ರಿ, ಅಕಿ ಮನಿ ಬಗ್ಗೆ. ಮೊದ್ಲ ಬರೂನು ಅಂತಿದ್ದೆ. ನಾ ಹಾಕಿದ್ರ ಮತ್ತ ಮಷೀನು ಅಕಿ ಮ್ಯಾಲ ಸಿಟ್ಟಾದೀತು ಅಂತ ಕಾದೆ. ಈಗ ಹಾಕಿದ್ರ ಅಕೀಗೆ ಏನೂ ಆಗಂಗಿಲ್ಲಲ್ಲ?”

ಏನೂ ಆಗುವುದಿಲ್ಲ, ನಿಜ ಹೇಳುವ ಒಂದು ಸಾಲಿಗೆ ಅದು ಸಿಟ್ಟಾಗುವುದಿಲ್ಲ ಎಂದೆ. ‘ನನ್ನ ತಂಗಿಯ ಮನೆ’ ಎಂದು ಶುರು ಮಾಡಲೇ ಎಂದು ಕೇಳಿದೆ.

“ತಂಗಿ ಅಂತ ಹಾಕಬ್ಯಾಡ್ರಿ. ತಂಗಿ ಅಂದ್ರ ಯಾರ್ ನಂಬ್ತಾರ? ಅಲ್ಲಿ ಮಲಗಿದೋನು ಹೇಳಾಕತ್ತೀನಿ, ಅಷ್ಟ ಬರೀರಿ.”

ಅವರು ಹೇಳಿದಂತೆಯೇ ಟೈಪ್ ಮಾಡಿದೆ. ಸಂಜೆ ಕಮಲಾಪುರಕ್ಕೆ ಹೋಗಿ ನೀಲಮ್ಮನಿಗೆ ಫೋನಿನಲ್ಲಿ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಓದಿದಳು, ತೆಗೆದು ಒರೆಸಿ ಮತ್ತೆ ಓದಿದಳು. ನೀಲಮ್ಮನ ಗಂಡ ತೀರಿಕೊಂಡಾಗಿನಿಂದ ಅಣ್ಣ ನಡುರಾತ್ರಿ ಎದ್ದು ಮಿಲ್ಲಿನ ಅಂಗಳದಲ್ಲಿ ತಿರುಗಾಡುತ್ತಾನೆ ಎಂದು, ಅವಳು ಪಂಚಮಿಗೆ ಕಂಪ್ಲಿಗೆ ಹೋದಾಗಲೆಲ್ಲ ಅತ್ತಿಗೆ ಹೇಳುತ್ತಿದ್ದಳಂತೆ.

ಅಲ್ಲಿದ್ದದ್ದು ಇಷ್ಟೇ: ‘ಈ ಮನ್ಯಾಗ ನಾನು ಒಂದು ರಾತ್ರಿ ಇದ್ದೆ. ಭಾಳ ದಿನದ ಮ್ಯಾಲ ಕಣ್ತುಂಬ ನಿದ್ದಿ ಬಂತು.’